ಹೆಸರು ಕಳೆದುಕೊಂಡ ಬಾಟಲಿ

ದಾವಣಗೆರೆಯ ನಮ್ಮ ಬೀದಿಗೆ ವಾರಕ್ಕೊಮ್ಮೆ ಟಿವಿಎಸ್ ಗಾಡಿಯ ಮೇಲೆ ಒಬ್ಬರು ಬರುತ್ತಾರೆ. ಹಿಂದೆ ಎರಡೂ ಬದಿಗೆ ಪ್ಲಾಸ್ಟಿಕ್ ಕ್ರೇಟು, ಮುಂದೆ ಕಾಲಿಡುವ ಜಾಗದಲ್ಲಿ ಒಂದು ಕ್ಯಾನು. 'ಫಿನಾಯಿಲ್... ಆ್ಯಸಿಡ್... ಬ್ಲೀಚಿಂಗ್ ಪೌಡ್ರೇ...' ಎಂಬ ಕೂಗು ತಿರುವಿನಲ್ಲಿ ಕೇಳಿದರೆ ಸಾಕು, ನಾಲ್ಕೈದು ಮನೆಯವರು ಗೇಟಿಗೆ ಬಂದಿರುತ್ತಾರೆ. ಆ್ಯಸಿಡ್ ತುಂಬಿರುವುದು ತಂಪು ಪಾನೀಯದ ಖಾಲಿ ಬಾಟಲಿಗಳಲ್ಲಿ. ಕೆಲವದರ ಮೇಲಿನ ಚೀಟಿ ಕಿತ್ತಿರುತ್ತದೆ. ಕೆಲವದರ ಮೇಲೆ ಹೋಳು ಮಾಡಿದ ನಿಂಬೆಹಣ್ಣಿನ ಚಿತ್ರ ಹಾಗೇ ನಗುತ್ತಿರುತ್ತದೆ. ಒಳಗಿನ ದ್ರವವೂ ತೆಳು ಹಳದಿ. ಶುದ್ಧ ಹೈಡ್ರೋಕ್ಲೋರಿಕ್ ಆಮ್ಲಕ್ಕೆ ಬಣ್ಣವಿಲ್ಲ. ಕಬ್ಬಿಣದ ಅಂಶ ಸೇರಿದ ಅಗ್ಗದ ಸರಕಿಗೆ ಈ ಬಣ್ಣ ಬರುತ್ತದೆ. ನಿಂಬೆ ಶರಬತ್ತಿನದೂ ಹೆಚ್ಚುಕಡಿಮೆ ಇದೇ ಬಣ್ಣ.

ನಮ್ಮ ಕಡೆ ಆ್ಯಸಿಡ್‌ಗೆ ಇಷ್ಟು ಗಿರಾಕಿ ಇರುವುದಕ್ಕೆ ನೀರು ಕಾರಣ. ನದಿ, ಕೆರೆಯ ನೀರು ನಲ್ಲಿಗೆ ಬರುವುದು ಕುಡಿಯಲು, ಅಡುಗೆಗೆ. ಬಚ್ಚಲು, ಪಾತ್ರೆ, ಬಟ್ಟೆಗೆ ಹೆಚ್ಚಿನ ಮನೆಗಳು ನೆಚ್ಚಿಕೊಂಡಿರುವುದು ಬೋರ್‌ವೆಲ್ ಅನ್ನು. ಚಿತ್ರದುರ್ಗ, ಚಳ್ಳಕೆರೆ ಕಡೆ ಹೋದಷ್ಟೂ ನೀರು ಇನ್ನೂ ಗಡಸು, ಅದರ ಮೇಲೆ ಫ್ಲೋರೈಡಿನ ಕಾಟ ಬೇರೆ. ಗಡಸು ನೀರು ಬಿದ್ದು ಒಣಗಿದಲ್ಲೆಲ್ಲ ಕ್ಯಾಲ್ಸಿಯಂ ಕಾರ್ಬೋನೇಟ್ ಬಿಳಿ ಪದರವಾಗಿ ಕೂರುತ್ತದೆ. ಟೈಲ್ಸ್ ಮೇಲೆ, ನಲ್ಲಿಯ ಬುಡದಲ್ಲಿ, ಬಕೆಟ್ಟಿನ ಅಂಚಿನಲ್ಲಿ. ಸೋಪಿಗೆ ಅದು ಜಗ್ಗುವುದಿಲ್ಲ. ಆ್ಯಸಿಡ್ ಸುರಿದರೆ ಬುಸ್ಸೆಂದು ನೊರೆಯೆದ್ದು ಎರಡು ನಿಮಿಷದಲ್ಲಿ ಹೊಳಪು. ಇಷ್ಟು ಕಣ್ಣೆದುರಿಗೇ ಕೆಲಸ ಮಾಡಿ ತೋರಿಸುವ ವಸ್ತುವನ್ನು 'ಅಪಾಯ, ಕೊಳ್ಳಬೇಡಿ' ಎಂದರೆ ಯಾರು ಕೇಳುತ್ತಾರೆ?

ಮೂರು ವರ್ಷದ ಹಿಂದೆ, ಯುಗಾದಿಗೆ ಇನ್ನೆರಡು ದಿನವಿತ್ತು. ಚಿತ್ರದುರ್ಗದಲ್ಲಿರುವ ನಮ್ಮ ಚಿಕ್ಕಮ್ಮ ಬಚ್ಚಲುಮನೆ ತೊಳೆಯಲು ಹೊರಟರು. ಮೊದಲು ನೆಲಕ್ಕೆಲ್ಲ ಬ್ಲೀಚಿಂಗ್ ಪೌಡರ್ ಉದುರಿಸಿ ನೀರು ಚಿಮುಕಿಸಿ ಹತ್ತು ನಿಮಿಷ ಬಿಟ್ಟಿದ್ದಾರೆ. ಪಾಚಿ ಹೋಯಿತು, ನಲ್ಲಿ ಕೆಳಗಿನ ಬಿಳಿ ಕಲೆ ಹೋಗಲಿಲ್ಲ. ಅದಕ್ಕೆಂದು ಬಾಟಲಿಯ ಆ್ಯಸಿಡ್ ತಂದು ಅದರ ಮೇಲೇ ಸುರಿದಿದ್ದಾರೆ. ಪಾರಿವಾಳದ ಕಾಟಕ್ಕೆ ಬೆಳಕಿಂಡಿಗೆ ರಟ್ಟು ಬಡಿದಿತ್ತು. ಗಂಟಲು ಹಿಡಿದು, ಕಣ್ಣು ಉರಿದು, ಗೋಡೆ ತಡಕಿಕೊಂಡು ಹೊರಗೆ ಬಂದವರು 'ಆ್ಯಸಿಡ್ ಘಾಟು ಜಾಸ್ತಿ ಐತೆ, ಅಷ್ಟೇ' ಎಂದು ನೀರು ಕುಡಿದು ಸುಮ್ಮನಾದರು. ಸಂಜೆಗೆ ಉಬ್ಬಸ ಶುರುವಾಯಿತು. ಆಸ್ಪತ್ರೆಯಲ್ಲಿ ಒಂದು ರಾತ್ರಿ ಆಮ್ಲಜನಕ, ನೆಬ್ಯುಲೈಜರ್.

ಚಿಕ್ಕಮ್ಮನಿಗೆ ಕುತ್ತಾದದ್ದು ಆ್ಯಸಿಡ್ಡಿನ ಘಾಟಲ್ಲ, ಕ್ಲೋರಿನ್ ಅನಿಲ. ಬ್ಲೀಚಿಂಗ್ ಪೌಡರಿನೊಳಗೆ ಕ್ಲೋರಿನ್ ಸುಣ್ಣದ ಜೊತೆ ಕಟ್ಟುಬಿದ್ದು ಕೂತಿರುತ್ತದೆ. ಆಮ್ಲ ಬಿದ್ದರೆ ಆ ಕಟ್ಟು ಬಿಚ್ಚಿಹೋಗುತ್ತದೆ. ಹೊರಬಂದ ಅನಿಲ ಮೂಗು, ಗಂಟಲು, ಶ್ವಾಸಕೋಶದ ತೇವದಲ್ಲಿ ಕರಗಿ ಅಲ್ಲಲ್ಲೇ ಮತ್ತೆ ಆಮ್ಲವಾಗುತ್ತದೆ. ಇದರ ತೂಕ ಗಾಳಿಯ ಎರಡೂವರೆ ಪಟ್ಟು. ಹಾಗಾಗಿ ಮೇಲೇರುವುದಿಲ್ಲ, ನೆಲದ ಮಟ್ಟದಲ್ಲೇ ತಂಗುತ್ತದೆ. ಬಾಗಿಲಲ್ಲಿ ನಿಂತು 'ಏನಾಯ್ತೇ?' ಎಂದು ಕೇಳಿದ ಚಿಕ್ಕಪ್ಪನಿಗೆ ಬರೀ ವಾಸನೆ. ಕುಕ್ಕರಗಾಲಲ್ಲಿ ಕೂತು ಉಜ್ಜುತ್ತಿದ್ದ ಚಿಕ್ಕಮ್ಮನಿಗೆ ಪೂರ್ತಿ ಪ್ರಮಾಣ. ಬಚ್ಚಲು ತೊಳೆಯುವ ಕೆಲಸ ಯಾರ ಪಾಲಿಗೆ ಬಂದಿದೆಯೋ ಅವರ ಮೂಗಿನ ಎತ್ತರಕ್ಕೇ ಈ ಅನಿಲ ಸೇರುತ್ತದೆ. ಇನ್ನೊಂದು ಮೋಸವೆಂದರೆ, ಶ್ವಾಸಕೋಶದಲ್ಲಿ ನೀರು ತುಂಬುವುದು ಕೆಲವು ಗಂಟೆ ಬಿಟ್ಟು. ಈಗ ಪರವಾಗಿಲ್ಲ ಎಂದು ಮಲಗಿದವರಿಗೆ ನಡುರಾತ್ರಿ ಉಸಿರು ಕಟ್ಟಬಹುದು.

ಬಾಟಲಿಯ ಬ್ಲೀಚ್ ದ್ರಾವಣವೂ ಇದೇ ಜಾತಿಯದು. ಕಮೋಡಿಗೆ ಹಾಕುವ ನೀಲಿ ಕ್ಲೀನರುಗಳಲ್ಲಿ ಸಾಮಾನ್ಯವಾಗಿ ಇರುವುದೂ ಹೈಡ್ರೋಕ್ಲೋರಿಕ್ ಆಮ್ಲವೇ, ತೆಳುವಾಗಿ. ಅಂದರೆ ಅಂಗಡಿಯಿಂದ ತಂದ, ಚೀಟಿ ಅಂಟಿಸಿದ, ಐಎಸ್‌ಐ ಗುರುತಿನ ಎರಡು ವಸ್ತು ಸೇರಿದರೂ ಇದೇ ಅನಾಹುತ. ಗಾಜು ಒರೆಸುವ ಕೆಲವು ದ್ರವಗಳಲ್ಲಿ ಅಮೋನಿಯ ಇರುತ್ತದೆ, ಅದು ಬ್ಲೀಚಿನ ಜೊತೆ ಸೇರಿದರೆ ಕ್ಲೋರಮೈನ್ ಎಂಬ ಇನ್ನೊಂದು ಅನಿಲ.

ಆವತ್ತು ಆಸ್ಪತ್ರೆಯಲ್ಲಿ ಡ್ಯೂಟಿ ಡಾಕ್ಟರು ಮೊದಲು ಕೇಳಿದ್ದು 'ಏನು ಹಾಕಿದ್ರಿ?' ಎಂದು. ಚಿಕ್ಕಪ್ಪ ಬುದ್ಧಿವಂತಿಕೆಯಿಂದ ಬಾಟಲಿಯನ್ನೇ ಚೀಲದಲ್ಲಿ ಹಾಕಿಕೊಂಡು ಹೋಗಿದ್ದರು. ಡಾಕ್ಟರು ಅದನ್ನು ತಿರುಗಿಸಿ ನೋಡಿ, 'ಏನ್ರೀ ಇದು, ಕಿತ್ತಳೆ ಜ್ಯೂಸಾ?' ಎಂದರಂತೆ. ಈಗ ನೆನೆದರೆ ಮನೆಯವರೆಲ್ಲ ನಗುತ್ತೇವೆ. ಆದರೆ ಆ ಪ್ರಶ್ನೆ ಅಲ್ಲಿಗೆ ಮುಗಿಯುವಂಥದ್ದಲ್ಲ.

ವಿಷಕ್ಕೆ ಚಿಕಿತ್ಸೆ ಎಂಬ ಒಂದೇ ಚಿಕಿತ್ಸೆ ಇಲ್ಲ. ಆರ್ಗನೋಫಾಸ್ಫೇಟ್ ಗುಂಪಿನ ಕೀಟನಾಶಕ ಹೊಟ್ಟೆ ಸೇರಿದರೆ ಅಟ್ರೋಪಿನ್ ಇಂಜೆಕ್ಷನ್ ಬೇಕು. ಆಮ್ಲವೋ ಕಾಸ್ಟಿಕ್ ಸೋಡವೋ ಆದರೆ ವಾಂತಿ ಮಾಡಿಸಲೇಬಾರದು: ಇಳಿಯುವಾಗ ಸುಟ್ಟ ಅನ್ನನಾಳವನ್ನು ಅದು ಹತ್ತುವಾಗ ಮತ್ತೊಮ್ಮೆ ಸುಡುತ್ತದೆ. ಸೀಮೆಎಣ್ಣೆ, ಥಿನ್ನರ್, ಟರ್ಪಂಟೈನ್ ಕುಡಿದ ಮಗುವಿಗೂ ವಾಂತಿ ಬೇಡ. ಅಲ್ಲಿ ಭಯ ಹೊಟ್ಟೆಯದಲ್ಲ, ವಾಂತಿಯ ಜೊತೆ ಶ್ವಾಸಕೋಶಕ್ಕೆ ಜಾರುವ ಎಣ್ಣೆಯದು. ನಮ್ಮಲ್ಲಿ ಉಪ್ಪುನೀರು ಕುಡಿಸಿ, ಗಂಟಲಿಗೆ ಬೆರಳು ಹಾಕಿ ಕಕ್ಕಿಸುವುದು ಎಲ್ಲ ವಿಷಕ್ಕೂ ಒಂದೇ ಮದ್ದಾಗಿಬಿಟ್ಟಿದೆ. ಹಳದಿ ರಂಜಕದ ಇಲಿ ಪಾಷಾಣ ತಿಂದವರು ಮೊದಲ ದಿನ ಚೆನ್ನಾಗಿಯೇ ಓಡಾಡಿಕೊಂಡಿರುತ್ತಾರೆ, ಯಕೃತ್ತು ಕೈಕೊಡುವುದು ದಿನಗಳ ಮೇಲೆ. ಅದಕ್ಕೆ ಪ್ರತಿವಿಷವೂ ಇಲ್ಲ. ಆ ಪೇಸ್ಟು ಬರುವುದು ಟೂತ್‌ಪೇಸ್ಟಿನಂಥದೇ ಟ್ಯೂಬಿನಲ್ಲಿ. ಹೀಗೆ ಡಾಕ್ಟರಿಗೆ ಬೇಕಾಗಿರುವುದು ಎಲ್ಲಕ್ಕಿಂತ ಮೊದಲು ಒಂದು ಹೆಸರು. ಅದು ಇಲ್ಲದಿದ್ದರೆ ಲಕ್ಷಣ ನೋಡಿ ಊಹಿಸಬೇಕು, ಊಹಿಸುವಷ್ಟರಲ್ಲಿ ಹೊತ್ತು ಹೋಗಿರುತ್ತದೆ.

ನಾವು ಮನೆಯ ರಾಸಾಯನಿಕಗಳ ಬಗ್ಗೆ ಮಾತಾಡುವಾಗಲೆಲ್ಲ ಯಾವುದು ಎಷ್ಟು ವಿಷ ಎಂಬ ಪಟ್ಟಿಗೆ ಬೀಳುತ್ತೇವೆ. ನನಗನ್ನಿಸುವಂತೆ ಹೆಚ್ಚಿನ ಅನಾಹುತ ಆಗುವುದು ವಿಷ ತನ್ನ ಹೆಸರು ಕಳೆದುಕೊಂಡ ಜಾಗದಲ್ಲಿ. 2013ರ ಜುಲೈ 16ರಂದು ಬಿಹಾರದ ಸಾರಣ್ ಜಿಲ್ಲೆಯ ಗಂಡಾಮನ್ ಹಳ್ಳಿಯ ಶಾಲೆಯಲ್ಲಿ ಬಿಸಿಯೂಟ ಉಂಡು 23 ಮಕ್ಕಳು ತೀರಿಕೊಂಡರು. ಊಟದ ಎಣ್ಣೆಯಲ್ಲಿ ಸಿಕ್ಕಿದ್ದು ಮೊನೊಕ್ರೊಟೊಫಾಸ್ ಎಂಬ ಕೀಟನಾಶಕ. ಆ ಎಣ್ಣೆ ತುಂಬಿಟ್ಟದ್ದು ಹಿಂದೆ ಕೀಟನಾಶಕವಿದ್ದ ಡಬ್ಬಿಯಲ್ಲಿ ಎಂದು ತನಿಖೆ ಹೇಳಿತು. ಅಡುಗೆಯಾಕೆ ಎಣ್ಣೆಯ ವಾಸನೆ ಬೇರೆಯಿದೆ ಎಂದು ಹೇಳಿದ್ದರೂ ಯಾರೂ ಕಿವಿಗೊಟ್ಟಿರಲಿಲ್ಲ. ಬಿಹಾರ ದೂರದ ಊರು ಎನ್ನುವಂತಿಲ್ಲ. ಭದ್ರಾ ನಾಲೆಯ ಭತ್ತದ ಬಯಲಿನಲ್ಲಿ, ಜಗಳೂರು–ಹೊಳಲ್ಕೆರೆಯ ಮೆಕ್ಕೆಜೋಳದ ಹೊಲಗಳಲ್ಲಿ, ಚನ್ನಗಿರಿಯ ಅಡಿಕೆ ತೋಟಗಳಲ್ಲಿ ಔಷಧಿ ಡಬ್ಬಿ ಖಾಲಿಯಾದ ಮೇಲೆ ಎಲ್ಲಿಗೆ ಹೋಗುತ್ತದೆ ಎಂದು ನೋಡಿದವರಿಗೆ ಗೊತ್ತು. ಒಳ್ಳೆ ಗಟ್ಟಿ ಡಬ್ಬಿ, ಬಿಗಿ ಮುಚ್ಚಳ. ತೊಳೆದು ಡೀಸೆಲ್ ತುಂಬುತ್ತಾರೆ, ಬಚ್ಚಲಿಗೆ ಇಡುತ್ತಾರೆ, ಹೊಲಕ್ಕೆ ನೀರು ಒಯ್ಯುವವರೂ ಇದ್ದಾರೆ. ನಮ್ಮ ರೈತರು ಅದನ್ನು 'ಔಷಧಿ' ಎಂದೇ ಕರೆಯುವುದು. ವಿಷಕ್ಕೆ ಔಷಧಿ ಎಂದು ಹೆಸರಿಟ್ಟಲ್ಲೇ ಅರ್ಧ ಎಚ್ಚರ ತಪ್ಪಿರುತ್ತದೆ.

ಕಾನೂನಿಗೆ ಈ ಹೆಸರಿನ ಮಹತ್ವ ಗೊತ್ತಿಲ್ಲದೆ ಇಲ್ಲ. ಕೀಟನಾಶಕದ ಪ್ರತಿ ಡಬ್ಬಿಯ ಮೇಲೂ ವಜ್ರಾಕಾರದ ಚೌಕದಲ್ಲಿ ಬಣ್ಣದ ತ್ರಿಕೋನ ಇರಲೇಬೇಕು. ಕೆಂಪು ಅತಿ ವಿಷ, ಆಮೇಲೆ ಹಳದಿ, ನೀಲಿ, ಕಡೆಗೆ ಹಸಿರು. ಓದು ಬಾರದವರಿಗೂ ತಿಳಿಯಲೆಂದು ಮಾಡಿದ ಏರ್ಪಾಡು. ಸೊಳ್ಳೆ ಓಡಿಸುವ ರೀಫಿಲ್ ಬಾಟಲಿ, ಜಿರಳೆಗೆ ಹೊಡೆಯುವ ಸ್ಪ್ರೇ, ಇರುವೆಗೆ ಗೀಚುವ ಸೀಮೆಸುಣ್ಣದಂಥ ಕಡ್ಡಿ, ಎಲ್ಲವೂ ಕಾಯ್ದೆಯ ಲೆಕ್ಕದಲ್ಲಿ ಕೀಟನಾಶಕಗಳೇ. ಮನೆಗೆ ಹೋಗಿ ತಿರುಗಿಸಿ ನೋಡಿ, ತ್ರಿಕೋನ ಸಿಗುತ್ತದೆ. ಸಿಗದಿದ್ದರೆ ಇನ್ನೂ ಕೆಟ್ಟದ್ದು: ನೋಂದಣಿಯಿಲ್ಲದ ಸೊಳ್ಳೆ ಅಗರಬತ್ತಿಗಳು ಪೇಟೆಯಲ್ಲಿ ಧಾರಾಳವಾಗಿ ಸಿಗುತ್ತವೆ. (ಸೊಳ್ಳೆ ಬತ್ತಿಯ ಸುರುಳಿ ವಿಷಯದಲ್ಲಿ ಹೊಗೆಯೇ ದೊಡ್ಡ ತಕರಾರು. ಒಂದು ಸುರುಳಿ ಉರಿದು ಮುಗಿಯುವಷ್ಟರಲ್ಲಿ ಬಿಡುವ ಸೂಕ್ಷ್ಮ ಕಣಗಳು 75ರಿಂದ 137 ಸಿಗರೇಟಿಗೆ ಸಮ ಎಂದು 2003ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಳೆದಿತ್ತು. ಬಾಗಿಲು ಕಿಟಕಿ ಮುಚ್ಚಿ ಮಗುವಿನ ತೊಟ್ಟಿಲ ಕೆಳಗೆ ಹಚ್ಚಿಡುವವರಿಗೆ ಸೊಳ್ಳೆ ಪರದೆ ಎಷ್ಟೋ ವಾಸಿ.)

ಆ್ಯಸಿಡ್ಡಿಗೂ ಕಾನೂನಿದೆ. ಆ್ಯಸಿಡ್ ದಾಳಿಗೆ ತುತ್ತಾದ ಲಕ್ಷ್ಮಿಯವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2013ರ ಜುಲೈ 18ರಂದು ಕೊಟ್ಟ ಆದೇಶದ ಪ್ರಕಾರ ಆ್ಯಸಿಡ್ ಮಾರುವವನು ಕೊಂಡವನ ಹೆಸರು, ವಿಳಾಸ, ಪ್ರಮಾಣವನ್ನು ಪುಸ್ತಕದಲ್ಲಿ ಬರೆದಿಡಬೇಕು; ಗುರುತಿನ ಚೀಟಿ ನೋಡಬೇಕು, ಯಾಕೆ ಬೇಕು ಎಂದು ಕೇಳಬೇಕು; 18 ತುಂಬದವರಿಗೆ ಕೊಡುವಂತಿಲ್ಲ. ಅದು ಆ್ಯಸಿಡ್ ದಾಳಿ ತಡೆಯಲು ಹೊರಟ ಆದೇಶ. ಟಿವಿಎಸ್ ಗಾಡಿಯವರ ಹತ್ತಿರ ಪುಸ್ತಕ ಕೇಳಿದರೆ ನಮ್ಮ ಬೀದಿಯವರು ನನ್ನನ್ನೇ ವಿಚಿತ್ರವಾಗಿ ನೋಡಿಯಾರು. ಆ ಮನುಷ್ಯ ಹೊಟ್ಟೆಪಾಡಿಗೆ ಬರುವವನು, ಅವನ ಬೆನ್ನು ಹತ್ತಿ ಏನೂ ಆಗುವುದಿಲ್ಲ. ಕ್ಯಾನುಗಟ್ಟಲೆ ಅವನಿಗೆ ಕೊಡುವ ಸಗಟು ಅಂಗಡಿಯಲ್ಲಿ ಪುಸ್ತಕವಿದ್ದರೆ ಸಾಕಿತ್ತು.

ಕಾಳಿನ ಗುಳಿಗೆಯದೂ ಇದೇ ಕತೆ. ದಾವಣಗೆರೆ ಮೆಕ್ಕೆಜೋಳದ ದೊಡ್ಡ ಮಾರುಕಟ್ಟೆ. ಗೋದಾಮುಗಳಲ್ಲಿ ಹುಳ ಕೊಲ್ಲಲು ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆ ಇಡುತ್ತಾರೆ. ಗಾಳಿಯ ತೇವ ತಾಗಿದರೆ ಅದರಿಂದ ಫಾಸ್ಫೀನ್ ಅನಿಲ ಹೊರಡುತ್ತದೆ. ಮುಚ್ಚಿದ ಗೋದಾಮಿನಲ್ಲಿ, ತರಬೇತಾದವರು ಬಳಸಬೇಕಾದ ವಸ್ತು. ಅದೇ ಗುಳಿಗೆ ಕಾಗದದ ಪೊಟ್ಟಣದಲ್ಲಿ ಎರಡು ಮೂರರಂತೆ ಹಳ್ಳಿಮನೆಯ ಜೋಳದ ಚೀಲಕ್ಕೆ, ತಿಗಣೆ ಕಾಟದ ಮಂಚದ ಕೆಳಕ್ಕೆ ಬಂದಾಗ ಪೊಟ್ಟಣದ ಮೇಲೆ ಏನೂ ಬರೆದಿರುವುದಿಲ್ಲ. ತಿಗಣೆಗೆಂದು ಕೋಣೆಯಲ್ಲಿಟ್ಟು ಮನೆಮಂದಿ ಉಸಿರು ಕಳೆದುಕೊಂಡ ಸುದ್ದಿ ದೇಶದ ಬೇರೆಬೇರೆ ಕಡೆಯಿಂದ ಬರುತ್ತಲೇ ಇದೆ. ಬಟ್ಟೆ ಪೆಟ್ಟಿಗೆಯ ಡಾಂಬರು ಗುಳಿಗೆ ಅಷ್ಟು ಉಗ್ರವಲ್ಲ. ಆದರೂ ಜಿ6ಪಿಡಿ ಎಂಬ ಕಿಣ್ವದ ಹುಟ್ಟು ಕೊರತೆಯಿರುವ ಹಸುಗೂಸಿಗೆ ಆ ವಾಸನೆಯ ಬಟ್ಟೆ ಹೊದಿಸಿದರೆ ರಕ್ತಕಣ ಒಡೆದು ಕಾಮಾಲೆ ಏರಬಹುದು. ಬಾಣಂತಿಗೆಂದು ಪೆಟ್ಟಿಗೆಯಿಂದ ತೆಗೆದ ಹಳೇ ಸೀರೆ, ಕಂಬಳಿಯನ್ನು ಒಗೆದು ಬಿಸಿಲಿಗೆ ಹಾಕಿದ ಮೇಲೇ ಬಳಸುವುದು ಒಳ್ಳೆಯದು.

ಹಳೇ ಕಾಲದಲ್ಲಿ ಇದೆಲ್ಲ ಇರಲಿಲ್ಲ ಎಂದು ಯಾರಾದರೂ ನಿಟ್ಟುಸಿರು ಬಿಟ್ಟರೆ ನಾನು ಒಪ್ಪುವುದಿಲ್ಲ. ಕಾಳಿಗೆ ಬಿಎಚ್‌ಸಿ ಎಂಬ ಕೀಟನಾಶಕದ ಪುಡಿ, ಗೋಡೆಗೆ ಡಿಡಿಟಿ ಹೊಡೆಸಿಕೊಂಡ ಮನೆಗಳಲ್ಲಿ ಬೆಳೆದವರು ನಾವು. ಬಿಎಚ್‌ಸಿ ನಿಷೇಧವಾದದ್ದು 1997ರಲ್ಲಿ.

ಮನೆಯೊಳಗೆ ಹೆಸರು ಕಳೆದುಕೊಂಡದ್ದು ಮನೆಯಿಂದ ಹೊರಗೆ ಹೋಗುವಾಗ ಇನ್ನಷ್ಟು ಅನಾಮಧೇಯ. ಬೆಳಗ್ಗೆ ಹಾಡು ಹಾಕಿಕೊಂಡು ಕಸದ ಗಾಡಿ ಬರುತ್ತದೆ. ಹಸಿ ಕಸ ಒಂದು ಕಡೆ, ಒಣ ಕಸ ಇನ್ನೊಂದು ಕಡೆ. ಒಂದು ದಿನ ಮನೆಯಲ್ಲಿ ಸುಟ್ಟುಹೋದ ಟ್ಯೂಬ್‌ಲೈಟ್ ಹಿಡಿದು ನಿಂತಿದ್ದೆ. ಗಾಡಿಯ ಪೌರಕಾರ್ಮಿಕ ಮಹಿಳೆ 'ಅಣ್ಣಾ, ಅದನ್ನ ಒಡ್ದು ಒಣ ಕಸದಾಗೆ ಹಾಕ್ರಿ, ಉದ್ದ ಐತೆ, ಹಿಡ್ಸಲ್ಲ' ಎಂದರು. ಒಡೆದರೆ ಒಳಗಿನ ಪಾದರಸದ ಆವಿ ಬರುತ್ತದೆ ಎಂದೆ. ಆಕೆ ಗವುಸು ಹಾಕದ ಕೈ ತೋರಿಸಿದರು. ಬೆರಳಿನ ಬುಡದಲ್ಲಿ ಒಣಗಿದ ಗಾಯ. 'ಪಾದ್ರಸ ಗೀದ್ರಸ ನಮ್ಗೇನ್ ಕಾಣ್ಸುತ್ತಣ್ಣಾ? ಇದು ಸೂಜಿ ಚುಚ್ಚಿದ್ದು. ಚೀಲದಾಗೆ ಏನ್ ಕಟ್ಟೀರಿ ಅಂತ ನೀವು ಹೇಳಿದ್ರೆ ತಾನೇ ಗೊತ್ತಾಗದು.'

ಮಧುಮೇಹದವರಿಲ್ಲದ ಮನೆ ಈಗ ಕಡಿಮೆ. ಇನ್ಸುಲಿನ್ ಚುಚ್ಚಿಕೊಂಡ ಸೂಜಿ, ಸಕ್ಕರೆ ನೋಡಿದ ಚುಚ್ಚುಮೊಳೆ ಕರಿ ಕವರಿನಲ್ಲಿ ತರಕಾರಿ ಸಿಪ್ಪೆಯ ಜೊತೆ ಹೋಗುತ್ತವೆ. ಆಸ್ಪತ್ರೆಯಲ್ಲಿ ಇದೇ ಸೂಜಿ ಬಿಳಿ ಡಬ್ಬಿಗೆ ಬಿದ್ದು, ಲೆಕ್ಕ ಬರೆದು, ಬೇರೆ ಗಾಡಿಯಲ್ಲಿ ಹೋಗಬೇಕೆಂಬ ನಿಯಮವಿದೆ. ಆಸ್ಪತ್ರೆಯ ಗೇಟು ದಾಟಿ ಮನೆಗೆ ಬಂದರೆ ಅದು ಬರೀ ಕಸ.

ನಿಯಮವಿಲ್ಲವೇ ಎಂದರೆ, ಇದೆ. 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಹಸಿ, ಒಣ ಎಂಬ ಎರಡರ ಜೊತೆ ಮನೆಯ ಅಪಾಯಕಾರಿ ಕಸವನ್ನು ಮೂರನೇ ಜಾತಿಯೆಂದು ಹೆಸರಿಸಿದವು. ಬಣ್ಣದ ಡಬ್ಬಿ, ಕೀಟನಾಶಕದ ಕ್ಯಾನು, ಸಿಎಫ್‌ಎಲ್ ಬಲ್ಬು, ಟ್ಯೂಬ್‌ಲೈಟು, ಅವಧಿ ಮೀರಿದ ಮಾತ್ರೆ, ಒಡೆದ ಪಾದರಸದ ಥರ್ಮಾಮೀಟರು, ಬ್ಯಾಟರಿ, ಸೂಜಿ, ಎಲ್ಲವೂ ಆ ಪಟ್ಟಿಯಲ್ಲಿದ್ದವು. ಪ್ರತಿ 20 ಚದರ ಕಿಲೋಮೀಟರಿಗೆ ಒಂದರಂತೆ ಇವನ್ನು ತಂದೊಪ್ಪಿಸುವ ಕೇಂದ್ರ ಇರಬೇಕು, ಅದರ ವೇಳೆಯನ್ನು ಜನಕ್ಕೆ ತಿಳಿಸಬೇಕು ಎಂದೂ ಬರೆದಿತ್ತು. 2011ರಲ್ಲೇ ನಾಲ್ಕು ಲಕ್ಷ ದಾಟಿದ್ದ ದಾವಣಗೆರೆಯ ಹರವಿಗೆ ಮೂರು ನಾಲ್ಕಾದರೂ ಬೇಕಿತ್ತು. ನಿಮ್ಮ ಬಡಾವಣೆಗೆ ಹತ್ತಿರದ್ದು ಎಲ್ಲಿದೆ ಎಂದು ಅಕ್ಕಪಕ್ಕದ ಹತ್ತು ಮನೆಯಲ್ಲಿ ಕೇಳಿ ನೋಡಿ. ನಾನು ಕೇಳಿದ ಮನೆಗಳಲ್ಲಿ ಹಾಗೊಂದು ಇರಬೇಕೆಂಬುದೇ ಯಾರಿಗೂ ಗೊತ್ತಿರಲಿಲ್ಲ. ಈಗ 2026ರ ಜನವರಿಯಲ್ಲಿ ಹೊಸ ನಿಯಮ ಬಂದಿದೆ, ಏಪ್ರಿಲ್ 1ರಿಂದ ಜಾರಿ. ಹಸಿ, ಒಣ, ನೈರ್ಮಲ್ಯದ ಕಸ (ಪ್ಯಾಡು, ಡೈಪರಿನಂಥವು), ವಿಶೇಷ ಆರೈಕೆಯ ಕಸ ಎಂದು ನಾಲ್ಕು ಪಾಲು. ನಮ್ಮ ಬಲ್ಬು, ಮಾತ್ರೆ, ಬಣ್ಣದ ಡಬ್ಬಿಗಳು ಕೊನೆಯ ಪಾಲಿಗೆ. 'ಅಪಾಯಕಾರಿ' ಎಂಬ ನೇರ ಮಾತು ಹೋಗಿ 'ವಿಶೇಷ ಆರೈಕೆ' ಬಂದದ್ದು ನನಗೆ ಅಷ್ಟು ಹಿಡಿಸಿಲ್ಲ. ಗಾಡಿಯವರಿಗೆ ಬೇಕಿರುವುದು ಆರೈಕೆಯ ಪದವಲ್ಲ, ಗಾಡಿಯಲ್ಲಿ ಮೂರನೇ ಡಬ್ಬಿ.

ಮೂರನೇ ಡಬ್ಬಿ ಯಾಕೆ ಬರಲಿಲ್ಲ? ಅಧಿಕಾರಿಗಳ ಉದಾಸೀನ ಎಂದು ಬೈದು ಮುಗಿಸುವುದು ಸುಲಭ. ನನಗೆ ಕಾಣುವ ಕಾರಣ ಗುಜರಿ ಅಂಗಡಿಯಲ್ಲಿದೆ. ಮನೆಯ ಇನ್ವರ್ಟರ್ ಬ್ಯಾಟರಿಯನ್ನು ಯಾರಾದರೂ ಕಸದ ಗಾಡಿಗೆ ಹಾಕಿದ್ದನ್ನು ಕಂಡಿದ್ದೀರಾ? ಅದರ ತೂಕದ ಅರ್ಧಕ್ಕಿಂತ ಹೆಚ್ಚು ಸೀಸ, ಸೀಸಕ್ಕೆ ಬೆಲೆ. ಹೊಸದು ಕೊಳ್ಳುವಾಗ ಹಳೆಯದಕ್ಕೆ ಅಂಗಡಿಯವರೇ ದುಡ್ಡು ಮುರಿದುಕೊಳ್ಳುತ್ತಾರೆ. 2022ರ ಬ್ಯಾಟರಿ ತ್ಯಾಜ್ಯ ನಿಯಮ ತಯಾರಕರ ಮೇಲೆ ವಾಪಸ್ ಪಡೆಯುವ ಹೊಣೆ ಹಾಕಿದೆ. ನಿಯಮ ಇಲ್ಲದಿದ್ದರೂ ಅದು ಹೋಗುತ್ತಿತ್ತು. (ಗುಜರಿಗೆ ಹೋದ ಬ್ಯಾಟರಿಯನ್ನು ಹಿತ್ತಿಲಲ್ಲಿ ಒಡೆದು, ಆಮ್ಲವನ್ನು ಚರಂಡಿಗೆ ಚೆಲ್ಲಿ, ಸೀಸ ಕರಗಿಸುವವರ ಮನೆಯ ಮಕ್ಕಳ ರಕ್ತದಲ್ಲಿ ಆ ಸೀಸ ಸೇರುವುದು ಬೇರೆಯೇ ನೋವು. ಸೀಸದ ವಿಷಯದಲ್ಲಿ ಇಷ್ಟಾದರೆ ಪರವಾಗಿಲ್ಲ ಎಂಬ ಮಟ್ಟವೇ ಇಲ್ಲ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ.) ಆದರೆ ಗುಂಡಿ ಸೆಲ್ಲಿಗೆ ಬೆಲೆಯಿಲ್ಲ, ಸಿಎಫ್‌ಎಲ್‌ಗೆ ಇಲ್ಲ, ಅವಧಿ ಮುಗಿದ ಸಿರಪ್ಪಿಗೆ ಇಲ್ಲ, ಅರ್ಧ ಉಳಿದ ವಾರ್ನಿಷ್ ಡಬ್ಬಿಗೆ ಇಲ್ಲ. ಹೊರಹೋಗಲು ಬೆಲೆಯ ದಾರಿ ಒಂದೇ ಚೆನ್ನಾಗಿ ತೆರೆದಿರುವ ಊರಿನಲ್ಲಿ ಬೆಲೆಯಿಲ್ಲದ ವಿಷಕ್ಕೆ ದಾರಿಯನ್ನು ದುಡ್ಡು ಕೊಟ್ಟೇ ಮಾಡಬೇಕು. ಸಂಗ್ರಹಿಸಬೇಕು, ಬೇರೆ ಇಡಬೇಕು, ಕಡೆಗೆ ಹೆದ್ದಾರಿ ಹಿಡಿದು ದಾಬಸ್‌ಪೇಟೆ ಬಳಿಯ ಅಪಾಯಕಾರಿ ತ್ಯಾಜ್ಯ ಘಟಕದಂಥ ಕಡೆಗೆ ಸಾಗಿಸಬೇಕು. ಪ್ರತಿ ಹೆಜ್ಜೆಗೂ ಖರ್ಚು, ಒಂದು ರೂಪಾಯಿಯೂ ವಾಪಸ್ ಬರುವುದಿಲ್ಲ. ಸ್ವಚ್ಛತೆಯ ಅಂಕ ಕೊಡಲು ಬರುವವರಿಗೆ ಎದ್ದು ಕಾಣುವುದು ರಸ್ತೆ ಬದಿಯ ಗುಡ್ಡೆ; ಸಿಪ್ಪೆಯ ನಡುವೆ ಅಡಗಿದ ಹತ್ತು ಮಾತ್ರೆ ಯಾರ ಕಣ್ಣಿಗೂ ಬೀಳುವುದಿಲ್ಲ.

ಸಿಎಫ್‌ಎಲ್ ಲೆಕ್ಕ ಇನ್ನೂ ವಿಚಿತ್ರ. ವಿದ್ಯುತ್ ಉಳಿಸಿ ಎಂದು ಸರ್ಕಾರವೇ ಮನೆಮನೆಗೆ ಹೇಳಿ ಹಾಕಿಸಿದ ಬಲ್ಬು ಅದು. 'ಹೊಸ ಬೆಳಕು' ಯೋಜನೆಯ ಎಲ್‌ಇಡಿ ಬಂದ ಮೇಲೆ ಹಳೆಯವು ಒಂದೊಂದಾಗಿ ಇಳಿದವು. ಪಾದರಸ ಒಂದೊಂದರಲ್ಲಿ ಕೆಲವೇ ಮಿಲಿಗ್ರಾಂ, ಒಂದು ಒಡೆದರೆ ಗಾಬರಿ ಬೇಡ. ಕಿಟಕಿ ತೆರೆದು ಹತ್ತು ಹದಿನೈದು ನಿಮಿಷ ಆಚೆ ಇರಬೇಕು, ಪೊರಕೆ ಆಡಿಸದೆ ದಪ್ಪ ಕಾಗದದಲ್ಲಿ ಚೂರು ಎತ್ತಬೇಕು, ಒದ್ದೆ ಕಾಗದದಲ್ಲಿ ಒರೆಸಿ ಎಲ್ಲವನ್ನೂ ಮುಚ್ಚಳದ ಡಬ್ಬಿಗೆ ಹಾಕಬೇಕು. ಒಂದು ಮನೆಗೆ ಇಷ್ಟೇ. ಇಡೀ ಊರಿನ ಬಲ್ಬುಗಳು ಒಂದೇ ಗುಡ್ಡೆ ಸೇರಿದಾಗ ಲೆಕ್ಕ ಬೇರೆ. ಇಂಥ ಸಿಎಫ್‌ಎಲ್, ಟ್ಯೂಬ್‌ಲೈಟುಗಳ ತಯಾರಿಕೆಗೆ, ಪಾದರಸದ ಬಳಕೆ ತಗ್ಗಿಸಲು ಮಾಡಿಕೊಂಡ ಮಿನಾಮಟ ಒಪ್ಪಂದದ ದೇಶಗಳು 2027ರೊಳಗೆ ತೆರೆ ಎಳೆಯಲು ನಿರ್ಧರಿಸಿವೆ. ತಯಾರಿಕೆ ನಿಂತರೂ ಅಟ್ಟದ ಮೇಲಿನವು ಇರುತ್ತವೆ.

ಗಾಡಿಗೆ ಕೊಡದೆ ಉಳಿದದ್ದು ಎಲ್ಲಿ ಹೋಗುತ್ತದೆ? ನಮ್ಮ ಕಡೆ ಹಂಡೆ ಒಲೆ ಇನ್ನೂ ಇದೆ. ಊರ ಅಂಚಿನ ಬಡಾವಣೆಗಳಲ್ಲಿ, ಹಳ್ಳಿಗಳಲ್ಲಿ ಬೆಳಗ್ಗೆ ಸ್ನಾನದ ನೀರು ಕಾಯುವುದು ಅದರ ಮೇಲೆ. ತೆಂಗಿನ ಗರಿ, ಮೆಕ್ಕೆಜೋಳದ ಬೆಂಡು ಹಾಕುವ ಒಲೆಗೆ ಈಗ ಹಾಲಿನ ಕವರು, ಮಾತ್ರೆಯ ಪಟ್ಟಿ, ಹರಿದ ಚಪ್ಪಲಿ, ಸೈಕಲ್ ಟಯರಿನ ತುಂಡು. 'ಕಸನೂ ಹೋತು, ನೀರೂ ಕಾದ್ವು' ಎಂಬ ಲೆಕ್ಕ. ಪಿವಿಸಿ ಪ್ಲಾಸ್ಟಿಕ್ಕು ಅಂಥ ಮಂದ ಉರಿಯಲ್ಲಿ ಸುಟ್ಟರೆ ಡಯಾಕ್ಸಿನ್ ಎಂಬ ವಿಷ ಹುಟ್ಟುತ್ತದೆ. ಒಲೆಯ ಮುಂದೆ ಕೂತು ಊದುಕೊಳವೆ ಊದುವವರು ಅದನ್ನೇ ಉಸಿರಾಡುತ್ತಾರೆ. ಆ ಬೂದಿಯನ್ನು ಪಾತ್ರೆ ಬೆಳಗಲು, ಕರಿಬೇವಿನ ಬುಡಕ್ಕೆ ಹಾಕುವ ಮನೆಗಳೂ ಉಂಟು. ಸೌದೆಯ ಬೂದಿಗೆ ಇದ್ದ ಹೆಸರನ್ನೇ ಈ ಬೂದಿಗೂ ಕೊಟ್ಟದ್ದರ ಫಲ ಇದು.

ಉಳಿದದ್ದು ಊರಾಚೆಯ ಕಸದ ಗುಡ್ಡೆಗೆ. ಅಲ್ಲಿ ಹಸಿ ಕಸ ಕೊಳೆತು ಹುಳಿ ರಸ ಬಿಡುತ್ತದೆ, ಆ ರಸ ಬ್ಯಾಟರಿಯ, ಬಣ್ಣದ ಲೋಹಗಳನ್ನು ಕರಗಿಸಿ ನೆಲಕ್ಕೆ ಇಳಿಸುತ್ತದೆ. ಬೇರೆಬೇರೆಯಾಗಿದ್ದಾಗ ಇಷ್ಟು ಕಾಟ ಕೊಡದ ಎರಡು ವಸ್ತು ಬೆರೆತಾಗ ಕೊಡುವುದು, ಚಿಕ್ಕಮ್ಮನ ಬಚ್ಚಲುಮನೆಯ ಹಾಗೆಯೇ. ಬೆರೆತ ಕಸದಿಂದ ಮಾಡಿದ ಗೊಬ್ಬರವನ್ನು ಕೊಳ್ಳಲು ರೈತರು ಹಿಂದೆ ಮುಂದೆ ನೋಡಿದರೆ ಅವರದೇನೂ ತಪ್ಪಿಲ್ಲ.

1980ರ ದಶಕದಲ್ಲಿ ಹರಿಹರದ ಹತ್ತಿರ ತುಂಗಭದ್ರೆಗೆ ಸೇರುತ್ತಿದ್ದ ಕಾರ್ಖಾನೆ ನೀರಿನ ವಿರುದ್ಧ ಸಮಾಜ ಪರಿವರ್ತನಾ ಸಮುದಾಯ ಎಂಬ ಸಂಘಟನೆ ಹೋರಾಡಿದ್ದನ್ನು ಈ ಭಾಗದ ಹಿರಿಯರು ಇನ್ನೂ ನೆನೆಯುತ್ತಾರೆ. ಅಲ್ಲಿ ಎದುರಾಳಿ ಕಾಣುತ್ತಿದ್ದ: ಒಂದು ಕೊಳವೆ, ಒಂದು ಗೇಟು, ಗೇಟಿನ ಮೇಲೆ ಬೋರ್ಡು. ಒಂದು ಲಕ್ಷ ಬಚ್ಚಲುಮನೆಗಳ ವಿರುದ್ಧ ಧರಣಿ ಕೂರಲು ಬರುವುದಿಲ್ಲ.

ಹಾಗೆಂದು ಕೈಕಟ್ಟಿ ಕೂರುವ ವಿಷಯವೂ ಅಲ್ಲ. ನನ್ನನ್ನು ಕೇಳಿದರೆ ನಾಲ್ಕು ಪಾಲಿನ ಮಾತು ಆಮೇಲೆ, ಮೊದಲು ತಿಂಗಳಿಗೆ ಒಂದು ದಿನ. ತಿಂಗಳ ಒಂದು ಗೊತ್ತಾದ ಭಾನುವಾರ ವಾರ್ಡಿಗೊಂದು ಗಾಡಿ ಈ ಕಸಕ್ಕೇ ಬಂದರೆ ಜನ ಕೂಡಿಟ್ಟು ಕೊಡುತ್ತಾರೆ, ಏಕೆಂದರೆ ಇವು ಕೊಳೆಯುವ ವಸ್ತುಗಳಲ್ಲ. ಸೆಲ್ಲು, ಬಲ್ಬು, ಸೂಜಿ ಮೂರೂ ಡಬ್ಬಿಯಲ್ಲಿ ತಿಂಗಳುಗಟ್ಟಲೆ ಸುಮ್ಮನೆ ಇರುತ್ತವೆ. ಮಾತ್ರೆಗಳಿಗೆ ಮೆಡಿಕಲ್ ಶಾಪೇ ಸರಿಯಾದ ಜಾಗ. ಕೇರಳ 2025ರಲ್ಲಿ ಕೋಯಿಕ್ಕೋಡಿನಿಂದ ಶುರುಮಾಡಿ ಮನೆಯಲ್ಲಿ ಉಳಿದ ಔಷಧಿ ವಾಪಸ್ ಪಡೆಯುವ ಕೆಲಸಕ್ಕೆ ಇಳಿದಿದೆ. ಅದೇ ವರ್ಷ ಕೇಂದ್ರದ ಔಷಧ ನಿಯಂತ್ರಣ ಸಂಸ್ಥೆ ಟ್ರಮಡಾಲ್, ಫೆಂಟನಿಲ್‌ನಂಥ 17 ಔಷಧಿಗಳನ್ನು ಮಾತ್ರ, ಬೇರೆಯವರ ಕೈಗೆ ಸಿಕ್ಕರೆ ಪ್ರಾಣಕ್ಕೇ ಕುತ್ತೆಂಬ ಕಾರಣಕ್ಕೆ, ಕಮೋಡಿಗೆ ಹಾಕಿ ನೀರು ಬಿಡಿ ಎಂದಿತು. ಉಳಿದ ಯಾವುದನ್ನೂ, ಅದರಲ್ಲೂ ಆ್ಯಂಟಿಬಯಾಟಿಕ್ಕುಗಳನ್ನು, ಚರಂಡಿಗೆ ಬಿಡುವಂತಿಲ್ಲ. ವಿದ್ಯಾರ್ಥಿಭವನದಿಂದ ಜಯದೇವ ಸರ್ಕಲ್‌ವರೆಗೆ ನಡೆದರೆ ಎಷ್ಟು ಮೆಡಿಕಲ್ ಶಾಪು ಸಿಗುತ್ತವೆ ಎಂದು ದಾವಣಗೆರೆಯವರಿಗೆ ಹೇಳಬೇಕಿಲ್ಲ. ವೈದ್ಯಕೀಯ ಕಾಲೇಜುಗಳ ಊರು ಇದು. ಪ್ರತಿ ಅಂಗಡಿಯ ಮೂಲೆಯಲ್ಲಿ ಒಂದು ಬೀಗದ ಡಬ್ಬಿ ಇಡುವುದು ದೊಡ್ಡ ಕೆಲಸವೇನಲ್ಲ.

ಮನೆಯ ಮಟ್ಟದಲ್ಲಿ ನಾನು ಮಾಡಿದ್ದು ಒಂದೇ. ಹತ್ತು ರೂಪಾಯಿಯ ಮಾರ್ಕರ್ ಪೆನ್ನು ತಂದು ಬಚ್ಚಲಿನ, ಅಟ್ಟದ, ಶೆಡ್ಡಿನ ಪ್ರತಿ ಬಾಟಲಿ ಮೇಲೆ ಕನ್ನಡದಲ್ಲಿ ಬರೆದೆ. ಹೀಗೆ ಹುಡುಕಿದಾಗ ಏನೆಂದು ನಮಗೇ ಗೊತ್ತಿಲ್ಲದ ಮೂರು ಬಾಟಲಿ ಸಿಕ್ಕವು. ಬಿಳಿ ಫಿನಾಯಿಲ್ ನೀರಿಗೆ ಬಿದ್ದರೆ ಹಾಲಿನಂತೆ ಕಾಣುತ್ತದೆ, ಅದು ಹಾಲಿನ ಪಾತ್ರೆ ಇಡುವ ಕಟ್ಟೆಯ ಕೆಳಗೇ ಇತ್ತು. ಆ್ಯಸಿಡ್ ತರುವುದನ್ನು ಬಿಟ್ಟು ಅಂಗಡಿಯ ನಿಂಬೆ ಉಪ್ಪನ್ನು (ಸಿಟ್ರಿಕ್ ಆಮ್ಲದ ಹರಳು) ಬಿಸಿನೀರಿಗೆ ಕಲಸಿ ಕಲೆಗೆ ಹಚ್ಚುತ್ತೇವೆ. ಎರಡು ನಿಮಿಷದ ಕೆಲಸಕ್ಕೆ ಅರ್ಧ ಗಂಟೆ ಹಿಡಿಯುತ್ತದೆ, ಸುಳ್ಳು ಹೇಳುವುದಿಲ್ಲ. ಕಣ್ಣಿಗೆ ಏನಾದರೂ ಸಿಡಿದರೆ ನಲ್ಲಿಯ ಹರಿವ ನೀರಲ್ಲಿ ಹದಿನೈದು ಇಪ್ಪತ್ತು ನಿಮಿಷ ತೊಳೆದ ಮೇಲೇ ಆಸ್ಪತ್ರೆ ಎಂದು ಗೋಡೆಗೆ ಬರೆದು ಅಂಟಿಸಿದ್ದೇನೆ. ಅದರ ಕೆಳಗೆ ದೆಹಲಿಯ ಏಮ್ಸ್‌ನ ವಿಷ ಮಾಹಿತಿ ಕೇಂದ್ರದ ನಂಬರ್ 1800 116 117, ಆಂಬುಲೆನ್ಸಿನ 108. ಚಿಕ್ಕಮ್ಮ ಬೆಳಕಿಂಡಿಯ ರಟ್ಟು ಕಿತ್ತು ಜಾಲರಿ ಹೊಡೆಸಿದ್ದಾರೆ. ಪಾರಿವಾಳ ಈಗ ಪಕ್ಕದ ಮನೆಗೆ ಹೋಗಿವೆ.

ಹೋದ ತಿಂಗಳು ಅಮ್ಮನ ಇನ್ಸುಲಿನ್ ಸೂಜಿಗಳನ್ನು ಗಟ್ಟಿ ಪ್ಲಾಸ್ಟಿಕ್ ಡಬ್ಬಿಗೆ ತುಂಬಿ, ಮುಚ್ಚಳಕ್ಕೆ ಟೇಪು ಸುತ್ತಿ, ಮೇಲೆ 'ಸೂಜಿ' ಎಂದು ದಪ್ಪಕ್ಕೆ ಬರೆದು ಗಾಡಿಯ ಆಕೆಗೆ ಕೊಟ್ಟೆ. ಆಕೆ ಅಕ್ಷರದ ಮೇಲೆ ಬೆರಳಾಡಿಸಿ ಓದಿದರು. ಹಸಿ ಕಸದ ಕಡೆ ನೋಡಿದರು, ಒಣ ಕಸದ ಕಡೆ ನೋಡಿದರು. ಆಮೇಲೆ ಮುಂದೆ ಹೋಗಿ ಡ್ರೈವರಿಗೆ 'ಏ, ಕಾಲು ಸರ್ಸು' ಎಂದು ಅವನ ಸೀಟಿನ ಕೆಳಗೆ ಅದನ್ನು ತಳ್ಳಿದರು.